ಅಣ್ಣನ ಪಾಲು

ನಮ್ಮ ಕಡೆ ಪಂಚಮಿ ದಿವ್ಸ ನಾಗಪ್ಪಗ ಹಾಲು ಸುಮ್ನ ಎರಿಯೂದಿಲ್ಲ, ಒಬ್ಬೊಬ್ಬರ ಹೆಸರು ಹಿಡದು ಎರೀತೇವಿ. ಕೊಬ್ಬರಿ ಬಟ್ಲದಾಗ ಹಾಲು, ಅದರಾಗ ಒಂದು ಬೆಲ್ಲದ ಚೂರು, ಹೂವಿನ ಎಸಳು ಅದ್ದಿ ಅದ್ದಿ ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಅಂತ. ಸಣ್ಣಾಕಿ ಇದ್ದಾಗ ನಾ ಅಣ್ಣನ ಪಾಲು ಮೂರು ಸಲ ಹಾಕ್ತಿದ್ದೆ. ಅವ್ವ ಬೈತಿದ್ಲು, ಉಳದವರಿಗೆ ಹಾಲು ಸಾಲದ ಹ್ವಾದ್ರ ಏನ್ ಮಾಡ್ತಿ ಅಂತ.

2022ರ ಪಂಚಮಿಗೆ ಹುಬ್ಬಳ್ಳ್ಯಾಗ ನಮ್ಮ ಓಣಿ ನಾಗರಕಟ್ಟಿ ಮುಂದ ನಿಂತಾಗ ಅವ್ವನ ಪಾಲು ತನಕ ಬಂದೆ, ಮುಂದ ಬಾಯಿ ಬರಲಿಲ್ಲ. ಹಿಂದ ಲೈನ್ ಇತ್ತು, ಯಾರೋ ಲಗೂ ಮಾಡ್ರಿ ಅಕ್ಕೋರ ಅಂದ್ರು. ಬಟ್ಲ ಹಂಗ ಅಲ್ಲೇ ಬೋರಲ ಹಾಕಿ ಬಂದ್ಬಿಟ್ಟೆ. ಮನಿಗೆ ಬಂದು ಉಂಡಿ ಬಾಯಾಗ ಇಟ್ಕೊಂಡ್ರ ನುಂಗಾಕ ಆಗಲಿಲ್ಲ.

ಅದಕ್ಕ ಎರಡು ತಿಂಗಳ ಮೊದಲ ನಾ ನಮ್ಮಣ್ಣನ ಸಂಬಂಧ ಬಿಟ್ಟಿದ್ದೆ. ಜಗಳ ಆಡಿ ಮಾತು ಬಿಟ್ಟದ್ದಲ್ಲ, ಜಗಳ ಮನಿ ಮನ್ಯಾಗ ಆಗ್ತಾವು, ಒಂದು ಮದವಿ ಬಂತಂದ್ರ ಮತ್ತ ಕೂಡ್ತಾರ. ನಾ ಯೋಚನಿ ಮಾಡಿ, ನಾಕು ತಿಂಗಳ ತೂಗಿ ನೋಡಿ, ಇನ್ನ ಸಾಕು ಅಂತ ಬಿಟ್ಟೆ. ಈ ವಿಷಯ ಎಲ್ಲೂ ಬರದಿರಲಿಲ್ಲ. ಹ್ವಾದ ತಿಂಗಳ ಸ್ಟಾಫ್ ರೂಮಿನ್ಯಾಗ ನನಗಿಂತ ಹದಿನೈದು ವರ್ಷ ಸಣ್ಣಾಕಿ ಒಬ್ಬಾಕಿ, ಬ್ಯಾರೆ ಯಾರೂ ಇಲ್ಲದ ಹೊತ್ತಿನ್ಯಾಗ ನನ್ನ ಬಾಜು ಬಂದು ಕುಂತು, "ಅಕ್ಕೋರ, ನೀವು ತವರು ಹೆಂಗ ಬಿಟ್ರಿ?" ಅಂತ ಸಣ್ಣ ದನಿಲೆ ಕೇಳಿದ್ಲು. ಆಕಿ ಕಣ್ಣಾಗ ಕುತೂಹಲ ಇರಲಿಲ್ಲ, ಭಯ ಇತ್ತು. ಬೆಲ್ ಹೊಡೀತು, ಸರಿಯಾಗಿ ಹೇಳಾಕ ಆಗಲಿಲ್ಲ. ಅಕಿಗೆ ಹೇಳಬೇಕಾಗಿದ್ದು ಇದು.

ಮೊದಲ ಹೇಳಿಬಿಡ್ತೇನಿ, ನಮ್ಮಣ್ಣ ಕೆಟ್ಟಾಂವ ಅಲ್ಲ. ಕುಡಿಯೂದಿಲ್ಲ, ಇಸ್ಪೇಟ್ ಆಡೂದಿಲ್ಲ, ಊರಾಗ ಯಾರದರ ಮನ್ಯಾಗ ಹೆಣ ಬಿದ್ರ ಕಟಗಿ ಹೊಂದಸಾಕ ಮೊದಲ ಓಡೋಂವ ಅಂವನ. ನಮ್ಮೂರು ಗದಗ ತಾಲೂಕಿನ್ಯಾಗ, ಎಲ್ಲಾ ಯರಿ ಹೊಲ. 1996ರಾಗ ಅಪ್ಪಗ ಲಕ್ವಾ ಹೊಡದಾಗ ಅಣ್ಣ ಗದಗಿನ್ಯಾಗ ಪಿಯುಸಿ ಎರಡನೇ ವರ್ಷ, ನಾ ಎಂಟನೇತ್ತಾ. ಅಂವ ಕಾಲೇಜ್ ಬಿಟ್ಟು ಬಂದು ಗಳೇ ಹಿಡದ. ಹೈಸ್ಕೂಲಿಗೆ ಹೋಗಾಕ ಬಸ್ ಸ್ಟಾಪ್ ತನಕ ಮೂರು ಕಿಲೋಮೀಟರ್, ಮಳಿಗಾಲದಾಗ ಸೈಕಲ್ ಮ್ಯಾಲೆ ಕುಂಡ್ರಿಸಿಕೊಂಡು ಬಿಟ್ಟು ಬರ್ತಿದ್ದ. ಯರಿ ಮಣ್ಣು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಹಸೀ ಆತಂದ್ರ ಗಾಲಿಗೆ ಮೆತ್ತಿ ಮಡ್ಗಾರ್ಡ್ ಒಳಗ ತುಂಬಿ ಸೈಕಲ್ ಹಂಗ ನಿಂತ್ಬಿಡ್ತೈತಿ. ಹತ್ತು ಮಾರಿಗೊಮ್ಮೆ ಇಳದು ತೊಗರಿ ಕಟಗೀಲೆ ಮಣ್ಣು ಕೆರೀತಿದ್ದ, ಮತ್ತ ನನ್ನ ಕುಂಡ್ರಸ್ತಿದ್ದ. ನನ್ನ ಯುನಿಫಾರ್ಮಿಗೆ ಒಂದು ಹನಿ ರಾಡಿ ಹತ್ತಗೊಡ್ತಿರಲಿಲ್ಲ. ಮುಂದ ಡಿ.ಎಡ್ ಫೀ ಕಟ್ಟಾಕ ಆ ವರ್ಷದ ಹೆಸರುಕಾಳು ಎಲ್ಲಾ ಮಾರಿದ. ಇದೆಲ್ಲಾ ಖರೆ. ಇದನ್ನ ಬಿಟ್ಟು ನಾ ಏನರ ಬರದ್ರ ಸುಳ್ಳಾಗ್ತೈತಿ.

ಅದಕ್ಕ ಅಂವ "ನಿನ್ನ ನೌಕರಿ ನಂದು" ಅಂದಾಗೆಲ್ಲ ನನ್ನೊಳಗ ಯಾರೋ ಹೌದು ಅಂತಿದ್ರು.

2011ರಾಗ ಅಪ್ಪ ಹೋದ. ಮರುವರ್ಷ ಅಣ್ಣ ಗದಗಿಗೆ ಕರಸಿದ, ಸಬ್ ರಿಜಿಸ್ಟ್ರಾರ್ ಆಫೀಸಿಗೆ. ನಾಕೂವರಿ ಎಕರೆದಾಗ ನನ್ನ ಪಾಲಿನ ಹಕ್ಕು ಬಿಡುಗಡೆ ಪತ್ರ. ಕಾಯ್ದೆ ಗೊತ್ತಿಲ್ಲದ ಹಾಕಿದ ಸಹಿ ಅಲ್ಲ ಅದು. ಪಿತ್ರಾರ್ಜಿತ ಆಸ್ತ್ಯಾಗ ಹೆಣ್ಣಮಕ್ಕಳಿಗೂ ಗಂಡಮಕ್ಕಳಷ್ಟ ಪಾಲು ಅಂತ ಕರ್ನಾಟಕದಾಗ 1994ರಾಗನ ಬಂದಿತ್ತು, ಇಡೀ ದೇಶಕ್ಕ 2005ರ ಸೆಪ್ಟೆಂಬರ್ 9ರಿಂದ. ನಾನ ಸಾಲ್ಯಾಗ ತಾಯಂದಿರ ಸಭಾ ಮಾಡಿದಾಗ ಹೇಳಿದ್ದೆ ಇದನ್ನ. ಆದ್ರೂ ನಾ ಮನಸಾರೆ ಬಿಟ್ಟೆ, ಮಳ್ಯಾಗ ಮಣ್ಣು ಕೆರದ ಕೈ ಕಣ್ಣ ಮುಂದಿತ್ತು. ಹೆಬ್ಬಟ್ಟು ಒತ್ತಿಸಿ ಫೋಟೋ ತಗದ ಮ್ಯಾಲೆ ಆಫೀಸಿನ ಹೊರಗ ಬೇವಿನ ಗಿಡದ ಕೆಳಗ ವೈನಿ ಉಡಿ ತುಂಬಿದ್ಲು, ಒಂದು ಇಳಕಲ್ ಸೀರಿ, ಐದು ಬಟ್ಲ ಕೊಬ್ಬರಿ, ಅಕ್ಕಿ, ಉತ್ತತ್ತಿ. ನಮ್ಮ ಕಡೆ ಎಷ್ಟು ಹೆಣ್ಣಮಕ್ಕಳು ಹಿಂಗ ಒಂದು ಸೀರಿಗೆ ಸಹಿ ಹಾಕಿ ಬರ್ತಾರ, ಆಸ್ತಿ ಕೇಳಿದ್ರ ತವರು ಮುಚ್ಚತೈತಿ ಅಂತ. ನನಗ ಆ ಸಹಿ ಬಗ್ಗೆ ಇವತ್ತಿಗೂ ಪಶ್ಚಾತ್ತಾಪ ಇಲ್ಲ. ಆದ್ರ ಒಂದು ತಿಳಕೊಂಡಿದ್ದೆ, ಇದರಾಗ ಋಣ ತೀರ್ತು ಅಂತ. ಅಲ್ಲೆ ತಪ್ಪಿದೆ. ಅಣ್ಣನ ಲೆಕ್ಕದಾಗ ಅದು ಜಮಾ ಆಗಿರಲಿಲ್ಲ.

2017ರಾಗ ಬೋರ್ ಹೊಡಸಾಕ ಸೊಸೈಟಿ ಸಾಲ. ಪಗಾರ ಇದ್ದವರ ಜಾಮೀನು ಬೇಕಂದ್ರು. ಸರಕಾರಿ ನೌಕರಿ ಇರೋ ಹೆಣ್ಣಮಗಳು ಮನ್ಯಾಗ ಒಬ್ಬಾಕಿ ಇದ್ಲಂದ್ರ ಆಕಿ ಸ್ಯಾಲರಿ ಸರ್ಟಿಫಿಕೇಟ್ ಊರಿಗೆಲ್ಲಾ ಹೊಲದ ಪಹಣಿ ಉತಾರ ಇದ್ದಂಗ. ಸಹಿ ಹಾಕಿದೆ. ಮೊದಲ ಬೋರ್ ಫೇಲ್, ಎರಡನೇದ್ರಾಗ ಅರ್ಧ ಇಂಚು ನೀರು, ಅದರಾಗ ಅಂವಂದೇನೂ ತಪ್ಪಿಲ್ಲ. ಕಂತು ನಿಂತ್ವು. 2019ರ ಜುಲೈದಿಂದ ನನ್ನ ಪಗಾರದಾಗ ತಿಂಗಳಿಗೆ 9,400 ಕಟ್ ಆಗಾಕ ಸುರುವಾತು, ಮೂರು ವರ್ಷ. ಒಟ್ಟು 3,38,400. ಈ ಅಂಕಿ ನನಗ ಬಾಯಿಪಾಠ ಐತಿ ಯಾಕಂದ್ರ ನಿದ್ದಿ ಬರದ ರಾತ್ರ್ಯಾಗ ಇದನ್ನ ಗುಣಿಸಿ ಕೂಡಿಸಿ ನೋಡ್ತಿದ್ದೆ.

ರೊಕ್ಕದ್ದು ಅಲ್ಲೇ ಮುಗೀತಿತ್ತು ಖರೆ ಅಂದ್ರ. ರೊಕ್ಕ ಹ್ವಾದ್ರ ದುಡೀಬಹುದು. ಮೊದಲ ಸಲ ಕಟ್ ಆದಾಗ ನಾ ಫೋನ್ ಮಾಡಿ, "ಅಣ್ಣಾ, ಹಿಂಗಾಗೇತಿ, ಅರ್ಧ ಅರ್ಧ ಮಾಡೋಣೇನು?" ಅಂದೆ. "ಕಟ್ ಆದ್ರ ಏನಾತು? ಆ ಪಗಾರ ಯಾರು ಕೊಡಸಿದ್ದು?" ಅಂದ, ಫೋನ್ ಇಟ್ಟ. ಆಮ್ಯಾಲೆ ನಾಕು ತಿಂಗಳ ಮಾತಿಲ್ಲ. ನಾ ಮಾಡಿದ ಫೋನ್ ಎತ್ತಲಿಲ್ಲ, ಅವ್ವಗೂ ಕೊಡಲಿಲ್ಲ. ದೀಪಾವಳಿಗೆ ಒಂದಿನ ಒಮ್ಮೆಲೆ ಫೋನ್ ಬಂತು, "ತಂಗೆವ್ವಾ, ಊಟಾತೇನು?" ಅಂದ ಅಷ್ಟ. ನಾ ಅಡಗಿಮನ್ಯಾಗ ನೆಲದ ಮ್ಯಾಲೆ ಕುಂತು ಖುಷೀಲೆ ಅತ್ತೆ. ಎರಡು ದಿನ ಬಿಟ್ಟು ಮತ್ತ ಫೋನ್, ಇಪ್ಪತ್ತು ಸಾವಿರ ಬೇಕಾಗಿತ್ತು. ಕೊಟ್ಟೆ. ಮುಂದ ಮೂರು ವರ್ಷ ಇದ ನಡೀತು: ಬೈಗುಳ, ಆಮ್ಯಾಲೆ ಮೌನ, ಆಮ್ಯಾಲೆ ಒಂದು ತಂಗೆವ್ವಾ, ಆಮ್ಯಾಲೆ ಕೇಳೂದು, ಮತ್ತ ಬೈಗುಳ. ರಾತ್ರಿ ಒಂಬತ್ತರ ಮ್ಯಾಲನ ಮಾಡ್ತಿದ್ದ. ನಾ ಎತ್ತಲಿಲ್ಲಂದ್ರ ನಮ್ಮ ಮನಿಯವರಿಗೆ, ಅವರು ಎತ್ತಲಿಲ್ಲಂದ್ರ ಹೆಡ್ ಮಾಸ್ತರಿಗೆ. ಒಮ್ಮೆ ನನ್ನ ಮಗಳು ಎತ್ತಿದ್ಲು, ಹತ್ತು ವರ್ಷ ಆಗಿರಲಿಲ್ಲ ಆಕಿಗೆ, "ನಿಮ್ಮವ್ವ ಹಡದವ್ವನ್ನ ಮರತಾಕಿ" ಅಂದನಂತ. ಆಕಿ ನನಗ ಹೇಳಲಿಲ್ಲ, ಎಷ್ಟೋ ದಿನದ ಮ್ಯಾಲೆ ಗೊತ್ತಾತು.

ಹುಬ್ಬಳ್ಳಿಯಿಂದ ಗದಗ 60 ಕಿಲೋಮೀಟರ್ ಹತ್ರ. ನಡುವ ಅಣ್ಣಿಗೇರಿ. ಬಸ್ ಅಣ್ಣಿಗೇರಿ ಮುಟ್ಟಿತಂದ್ರ ನನಗ ಹೊಟ್ಟಿ ಕಲಸಾಕ ಸುರು ಆಗ್ತಿತ್ತು, ನಾ ತಿಳದಿದ್ದು ಬಸ್ಸಿನ ಡೀಸೆಲ್ ವಾಸನಿಗೆ ಅಂತ. ಬಾಜು ಮನ್ಯಾವ್ರ ಫೋನಿನ ರಿಂಗ್ ನಮ್ಮದರಂಗನ ಇತ್ತು, ಅದು ಬಡದ್ರೂ ನನ್ನ ಎದಿ ಧಸಕ್ ಅಂತಿತ್ತು. ಸಾಲ್ಯಾಗ ಆರೋಗ್ಯ ತಪಾಸಣಿ ಮಾಡಾಕ ಬಂದಾಗ ಬಿಪಿ 160/100. ಮೂವತ್ತೆಂಟು ವರ್ಷ ನನಗ ಆವಾಗ.

ಇಷ್ಟಾದ್ರೂ ನಾ ಬಿಡ್ತಿರಲಿಲ್ಲ. ಬಿಡೂ ಹಂಗ ಮಾಡಿದ್ದು ಒಂದು ಹುಡಗ.

2022ರ ಫೆಬ್ರವರಿ. ಮಧ್ಯಾಹ್ನದ ಊಟದ ಹೊತ್ತು. ಹಿಂದಿನ ರಾತ್ರಿ ಒಂದೂವರಿ ತನಕ ಫೋನ್, ನಿದ್ದಿ ಇಲ್ಲ. ಆರನೇತ್ತಾ ಹುಡಗ ಒಬ್ಬ, ತೆಳ್ಳಗ, ಅಂಗಿ ತೋಳು ಒಂದು ಕಡೆ ಹೊಲಗಿ ಬಿಚ್ಚಿತ್ತು, ಗಂಗಾಳ ಹಿಡಕೊಂಡು ಬರುವಾಗ ಕಾಲು ಜಾರಿ ಅನ್ನ ಸಾರು ಎಲ್ಲಾ ವರಾಂಡದಾಗ ಚಲ್ಲಿದ. ಮಕ್ಕಳು ಚಲ್ಲತಾವು, ದಿನಾ ಚಲ್ಲತಾವು, ಹದಿನೇಳು ವರ್ಷದಾಗ ನಾ ಒಂದಿನ ಅದಕ್ಕ ಬೈದಾಕಿ ಅಲ್ಲ. ಅವತ್ತ ನಾ ಎದ್ದು ನಿಂತು ಏನ್ ಅಂದೆ ಅಂದ್ರ, "ನಿನಗ ಹಾಕಿದ್ದೆಲ್ಲಾ ದಂಡ! ತಿಂದ ಉಪಕಾರ ಇಲ್ಲದವನ!" ಅಂದೆ.

ಆ ಮಾತು ನಂದಲ್ಲ. ಹಿಂದಿನ ರಾತ್ರಿ ಅಣ್ಣ ನನಗ ಅಂದದ್ದು, ಹೆಣ್ಣ ಗಂಡ ಅಷ್ಟ ಬದಲಿ. ದನೀನೂ ಅಂವಂದ, ಕಡೀ ಅಕ್ಷರಕ್ಕ ಎಳದು ಹೊಡಿಯೋ ಆ ರೀತಿ. ಹುಡಗ ಅಳಲಿಲ್ಲ. ಕೆಳಗ ಕುಂತು ಚಲ್ಲಿದ ಅನ್ನ ಒಂದೊಂದ ಅಗಳು ಆರಿಸಿ ಗಂಗಾಳಕ್ಕ ಹಾಕಾಕ ಹತ್ತಿದ, ತಲಿ ಮ್ಯಾಲೆ ಎತ್ತಲಿಲ್ಲ. ಆ ಕುಂತ ರೀತಿ ನನಗ ಗೊತ್ತಿತ್ತು. ಫೋನ್ ಕಿವಿಗೆ ಇಟ್ಕೊಂಡು ನಾನೂ ಹಂಗ ಕುಂಡರ್ತಿದ್ದೆ ಅಡಗಿಮನ್ಯಾಗ, ಏನರ ಒಂದು ಆರಿಸ್ಕೋತ, ಶೇಂಗಾದಾಗಿನ ಹಳಕು, ಅಕ್ಕ್ಯಾಗಿನ ಕಲ್ಲು.

ಅವತ್ತ ಸಂಜಿಕ ನಮ್ಮ ಮನಿಯವರಿಗೆ ಹೇಳಿದೆ, ನಾ ಧಾರವಾಡಕ್ಕ ಹೋಗ್ತೇನಿ ಅಂತ. ನಮ್ಮ ಕಡೆ ಈ ಮಾತಿಗೆ ಇನ್ನೊಂದು ಅರ್ಥ ಐತಿ, ಯಾರರ ತಲಿ ಕೆಟ್ಟಂಗ ಮಾಡಿದ್ರ "ಇವನ್ನ ಧಾರವಾಡಕ್ಕ ಕಳಸಬೇಕು" ಅಂತಾರ, ಮಾನಸಿಕ ಆಸ್ಪತ್ರಿ ಅಲ್ಲೇ ಇರೂದಕ್ಕ. 1845ರಿಂದ ಐತಿ ಅದು, ಈಗ ಡಿಮ್ಹಾನ್ಸ್ ಅಂತಾರ. ನಮ್ಮ ಮನಿಯವರಿಗೆ ಯಾವ ಅರ್ಥದಾಗ ಅಂದೆ ಅಂತ ತಿಳೀತು, ಒಂದೂ ಪ್ರಶ್ನಿ ಕೇಳಲಿಲ್ಲ, ಮರುದಿನ ರಜಾ ಹಾಕಿ ಜೋಡಿ ಬಂದ್ರು. ಚಿಗರಿ ಬಸ್ಸಿನ್ಯಾಗ ಕುಂತಾಗ ಪರಿಚಯದವ್ರು ಯಾರರ ನೋಡಿ ಎಲ್ಲಿಗೆ ಅಂದ್ರ ಏನ್ ಹೇಳೂದು ಅನ್ನೂದ ಚಿಂತಿ ಇತ್ತು. ಅಲ್ಲೆ ಹ್ವಾದ್ರ ನಮ್ಮಂಥವ್ರ ತುಂಬಿದ್ರು. ಟಿಫಿನ್ ಡಬ್ಬಿ ತೊಡಿ ಮ್ಯಾಲೆ ಇಟ್ಕೊಂಡ ಅಜ್ಜಿಗೋಳು, ಕಾಲೇಜ್ ಹುಡುಗ್ರು, ಒಬ್ಬರು ಪೊಲೀಸ್ ಡ್ರೆಸ್ಸಿನ್ಯಾಗನ ಬಂದಿದ್ರು.

ಡಾಕ್ಟರ್ ಬಿಪಿ ಗುಳಿಗಿ ಮುಂದುವರಸ್ರಿ ಅಂದು ಕೌನ್ಸೆಲಿಂಗಿಗೆ ಕಳಿಸಿದ್ರು. ಆ ಮೇಡಂ ನನ್ನ ಕಥಿ ಎಲ್ಲಾ ಕೇಳಿ, ಅಣ್ಣನ್ನ ಬಿಡ್ರಿ ಅನ್ನಲಿಲ್ಲ, ಹೊಂದಿಕೊಂಡು ಹೋಗ್ರಿ ಅಂತನೂ ಅನ್ನಲಿಲ್ಲ. ಒಂದು ನೋಟ್‌ಬುಕ್ ಮಾಡ್ರಿ ಅಂದ್ರು. ಒಂದು ತಿಂಗಳ, ಅಂವ ಫೋನ್ ಮಾಡಿದಾಗೆಲ್ಲ ತಾರೀಖು, ಟೈಮು, ಏನ್ ಅಂದ, ನಿಮ್ಮ ಮೈಯಾಗ ಏನಾತು. ನಾ ಹಾಜರಿ ಪುಸ್ತಕದಂಗ ಗೆರಿ ಹೊಡದು ಬರದೆ. ತಿಂಗಳ ಕಡೀಗೆ ಹದಿನೇಳು ಫೋನ್. ಹದಿನಾಲ್ಕು ರೊಕ್ಕಕ್ಕ ಇಲ್ಲಾ ಸಹಿಗೆ, ಮೂರು ಬರೇ ಬೈಯಾಕ. ನಾ ಹೆಂಗದೇನಿ ಅಂತ ಕೇಳಿದ್ದು ಒಂದೂ ಇಲ್ಲ. ಕಡೀ ಕಾಲಮಿನ್ಯಾಗ ಕೈ ನಡುಕ, ಹೊಟ್ಟಿ ಕಲಸಿತು, ಊಟ ಬಿಟ್ಟೆ, ಮಗಳಿಗೆ ಬೈದೆ. "ಮಗಳಿಗೆ ಬೈದೆ" ಆರು ಸಲ ಇತ್ತು. ನನ್ನ ಕೈಲೆ ಬರದದ್ದು, ಸುಳ್ಳು ಅನ್ನಾಕ ಬರೂದಿಲ್ಲ.

ಆವಾಗ ಅವರೊಂದು ಪ್ರಶ್ನಿ ಕೇಳಿದ್ರು, ಅದು ನನ್ನ ಜೀವನ ತಿರಿಗಿಸಿತು. "ನಾಕು ತಿಂಗಳ ಮಾತು ಬಿಟ್ಟಿದ್ದ ಅಂದ್ರೆಲ್ಲ, ಆವಾಗ ನಿದ್ದಿ ಹೆಂಗಿತ್ತು?" ನಾ ಮೊದಲ ಭಾಳ ಕೆಟ್ಟಿತ್ತು ಅಂದೆ, ಅಂದ ಮ್ಯಾಲೆ ನೆನಪಾತು. ಮೊದಲ ತಿಂಗಳ ಕೆಟ್ಟಿತ್ತು. ಮೂರನೇ ತಿಂಗಳಿನ್ಯಾಗ ನಾ ಮಗಳಿಗೆ ಫ್ರಾಕ್ ಹೊಲದಿದ್ದೆ. ಹೊಲಗಿ ಮಷಿನ್ ಮುಚ್ಚಿಟ್ಟು ಎಷ್ಟೋ ವರ್ಷ ಆಗಿತ್ತು, ಅದನ್ನ ತಗದು ಎಣ್ಣಿ ಹಾಕಿ ಹೊಲದಿದ್ದೆ. ಅಂವ ಶಿಕ್ಷಾ ಅಂತ ಕೊಟ್ಟ ಮೌನದಾಗ ನಾ ಆರಾಮ ಇದ್ದೆ, ಅದು ನನಗ ಗೊತ್ತ ಆಗಿರಲಿಲ್ಲ. ಮತ್ತ ಆ "ತಂಗೆವ್ವಾ" ಯಾಕ ಅಷ್ಟು ಸಿಹಿ ಆಗ್ತಿತ್ತು ಅಂತನೂ ಅವರ ಹೇಳಿದ್ರು, ದಿನಾ ಸಿಗೋ ಪ್ರೀತಿಗಿಂತ ಯಾವಾಗ ಸಿಗ್ತೈತೋ ಇಲ್ಲೋ ಅನ್ನೋ ಪ್ರೀತಿ ಮನಸನ್ನ ಗಟ್ಟಿ ಹಿಡೀತೈತಿ, ಕಾಯೂದ ರೂಢಿ ಆಗಿಬಿಡ್ತೈತಿ ಅಂತ.

ಅಷ್ಟೊತ್ತಿಗೆ ಹಳೇ ಸಾಲ ತೀರಾಕ ಬಂದಿತ್ತು. ಅಣ್ಣ ಅದ ಸೊಸೈಟ್ಯಾಗ ಹೊಸ ಸಾಲಕ್ಕ ಓಡಾಡಾಕತ್ತಿದ್ದ. ನಾ ಕಾಗದ ತಗದು ನೋಡಿದ್ರ, 2017ರಾಗ ನಾ ಸಹಿ ಹಾಕಿದ್ದರಾಗ ಆ ಒಂದು ಸಾಲಕ್ಕಷ್ಟ ಅಲ್ಲ, ಮುಂದ ಅಂವ ಅಲ್ಲೆ ತಗೊಳ್ಳೋ ಸಾಲಕ್ಕೂ ನಾನ ಜಾಮೀನು ಅಂತ ಒಂದು ಸಾಲು ಇತ್ತು, ಸಣ್ಣಕ್ಷರದಾಗ. ಹುಬ್ಬಳ್ಳಿ ಕೋರ್ಟಿನ್ಯಾಗ ಉಚಿತ ಕಾನೂನು ಸೇವಾದವ್ರ ಕಡೆ ಹ್ವಾದೆ. ಇದು ಭಾಳ ಮಂದಿಗೆ ಗೊತ್ತಿಲ್ಲ, ಹೆಣ್ಣಮಕ್ಕಳಿಗೆ ಆದಾಯ ಎಷ್ಟ ಇದ್ರೂ ಅಲ್ಲೆ ವಕೀಲರ ಸಲಹಾ ಪುಕ್ಕಟ, 1987ರ ಕಾಯ್ದೆ ಐತಿ. ವಕೀಲರು ಎರಡ ಮಾತಿನ್ಯಾಗ ಹೇಳಿದ್ರು. 1872ರ ಕರಾರು ಕಾಯ್ದೆ, 128ನೇ ಕಲಂ ಪ್ರಕಾರ ಸಾಲಗಾರಂದು ಎಷ್ಟು ಹೊಣಿನೋ ಜಾಮೀನದಾರಂದೂ ಅಷ್ಟ, ಆದದ್ದರಿಂದ ತಪ್ಪಿಸ್ಕೊಳ್ಳಾಕ ಆಗೂದಿಲ್ಲ. ಆದ್ರ 130ನೇ ಕಲಂ ಪ್ರಕಾರ, ಮುಂದಿನ ವ್ಯವಹಾರಕ್ಕೂ ಹಬ್ಬಿದ ಜಾಮೀನು ಇದ್ರ, ಇನ್ನ ಮುಂದಿನದಕ್ಕ ನಾ ಇಲ್ಲ ಅಂತ ಸಾಲ ಕೊಟ್ಟವ್ರಿಗೆ ನೋಟಿಸ್ ಕೊಟ್ಟು ಯಾವಾಗ ಬೇಕಾದ್ರೂ ಹಿಂದ ಸರೀಬಹುದು.

ಕೋರ್ಟಿನ ಮೆಟ್ಟಲ ಮ್ಯಾಲೆ ಕುಂತು ಅದನ್ನ ಚೀಟ್ಯಾಗ ಬರಕೊಂಡೆ. ನೂರೈವತ್ತು ವರ್ಷದ ಹಳೇ ಕಾಯ್ದೆಕ್ಕ ಇದ್ದ ತಿಳವಳಿಕಿ ನಮ್ಮ ಮಂದ್ಯಾಗ ಯಾರೂ ನನಗ ಹೇಳಿರಲಿಲ್ಲ. ಆದ ಋಣಕ್ಕ ಇಲ್ಲ ಅನ್ನಬ್ಯಾಡ, ತೀರಸು. ಮುಂದಿನದಕ್ಕ ಬ್ಯಾಡ ಅನ್ನಬಹುದು. ಸೈಕಲ್ಲಿನ ಋಣ ನಾ ಎಂದೂ ಇಲ್ಲ ಅನ್ನಾಂಗಿಲ್ಲ. ಆದ್ರ ಅದು ಸಾಯೂತನಕ ನವೀಕರಣ ಆಗ್ತನ ಹೋಗೂ ಸಾಲ ಅಂತ ಯಾವ ಕಾಗದದಾಗೂ ಬರದಿಲ್ಲ.

ಜಾಮೀನು ಅನ್ನೂದ ಕೆಟ್ಟದ್ದು ಅಂತ ನಾ ಹೇಳೂದಿಲ್ಲ. ಅದು ಹೆಂಥಾ ದೊಡ್ಡ ಮಾತು ಅಂತ ನಮ್ಮ ಗದಗ ಜಿಲ್ಲಾದವ್ರಿಗೆ ಗೊತ್ತಿರಬೇಕು. ನಮ್ಮ ಕಣಗಿನಹಾಳದಾಗ 1905ರಾಗ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ, ಒಬ್ಬರಿಗೊಬ್ಬರು ನಿಂತ್ರ ಸಾಹುಕಾರನ ಬಡ್ಡಿಯಿಂದ ರೈತ ಉಳೀತಾನ ಅನ್ನೂ ನಂಬಿಗಿ ಅದರ ಬುನಾದಿ. ಒಬ್ಬರಿಗೊಬ್ಬರು. ನಮ್ಮ ಮನ್ಯಾಗ ಅದು ಒಬ್ಬಾಕಿನ ಎಲ್ಲಾರಿಗೂ ನಿಂದರೂದು ಆಗಿತ್ತು.

ನೋಟಿಸ್ ಕೊಟ್ಟು, ಮುಟ್ಟಿದ್ದಕ್ಕ ಸೀಲ್ ಹಾಕಿಸ್ಕೊಂಡು, ಆಮ್ಯಾಲೆ ಒಂದು ಐತವಾರ ಊರಿಗೆ ಹ್ವಾದೆ. ಫೋನಿನ್ಯಾಗ ಹೇಳೂದು ನನಗ ಸರಿ ಅನಿಸಲಿಲ್ಲ, ಅಣ್ಣ ಅಂವ. ಮನಿ ಮುಂದಿನ ಕಟ್ಟಿ ಮ್ಯಾಲೆ ಕುಂತಿದ್ದ, ಹಗ್ಗ ಹೊಸೀತಿದ್ದ. ಮಾತು ಮೊದಲ ಬರಕೊಂಡು ಹೋಗಿದ್ದೆ. "ಅಣ್ಣಾ, ಇನ್ನ ಮುಂದ ನಾ ಎಲ್ಲೂ ಸಹಿ ಹಾಕೂದಿಲ್ಲ. ರೊಕ್ಕನೂ ಕೊಡಾಕಾಗೂದಿಲ್ಲ. ಬೈಯೂದಿದ್ರ ನಾ ನಿನ್ನ ಫೋನ್ ಎತ್ತೂದಿಲ್ಲ." ಅಷ್ಟ. ಯಾಕ ಅಂತ ಹೇಳಬಾರದು ಅಂತ ಗಟ್ಟಿ ಮಾಡ್ಕೊಂಡಿದ್ದೆ, ಕಾರಣ ಹೇಳಿದ್ರ ಒಂದೊಂದಕ್ಕೂ ಅಂವನ ಕಡೆ ಉತ್ತರ ಇರ್ತೈತಿ, ಉತ್ತರದಾಗ ನಾ ಸೋಲ್ತೇನಿ. ಅಂವ ಹಗ್ಗದ ಕಡೆ ನೋಡ್ಕೋತನ, "ಹಂಗಾರ ನಿನಗ ತವರಿಲ್ಲ" ಅಂದ. ದೊಡ್ಡ ದನಿಲೆ ಅಲ್ಲ, ಸಾವಕಾಶ ಅಂದ. ಅವ್ವ ಒಳಗಿಂದ ಬಂದು ಮಜ್ಜಿಗಿ ಕೊಟ್ಲು, ಏನೂ ಅನ್ನಲಿಲ್ಲ, ನಾ ಎದ್ದಾಗ ನನ್ನ ಚೀಲದಾಗ ಶೇಂಗಾ ಚಟ್ನಿ ಕಟ್ಟು ತುರುಕಿದ್ಲು.

ಹೇಳಿದ ಮ್ಯಾಲೆ ಹಗುರ ಆಗ್ತೈತಿ ಅಂತ ತಿಳದಿದ್ದೆ. ಆಗಲಿಲ್ಲ. ಬಸ್ ಅಣ್ಣಿಗೇರ್ಯಾಗ ನಿಂತಾಗ ಇಳದು ವಾಂತಿ ಮಾಡ್ಕೊಂಡೆ.

ಮುಂದಿನ ತಿಂಗಳುಗಳು ಭಾಳ ಕಠಿಣ ಇದ್ವು, ಅದನ್ನ ಯಾರೂ ಮುಚ್ಚಿಡಬಾರದು. ದೊಡ್ಡಪ್ಪ ಬಂದ್ರು, ಕಳ್ಳಬಳ್ಳಿ ಕಡಕೊಂಡ್ರ ನಾಳೆ ನಿನ್ನ ಮಗಳ ಮದವ್ಯಾಗ ಸೋದರಮಾವನ ಜಾಗಾದಾಗ ಯಾರು ನಿಂದರ್ತಾರ ಅಂದ್ರು. ಚಿಗವ್ವ ವಾಟ್ಸಾಪಿನ್ಯಾಗ ದಿನಾ ಮುಂಜಾನೆ ಅಣ್ಣ ತಂಗಿ ಪ್ರೀತಿದ್ದು ಒಂದೊಂದು ಚಿತ್ರ ಕಳಸ್ತಿದ್ಲು. ಇದೆಲ್ಲಾ ತಡಕೊಂಡೆ. ತಡಕೊಳ್ಳಾಕ ಆಗದ್ದು ಹೆಸರಿನ ಚೀಲ. ಪ್ರತಿ ವರ್ಷ ಶ್ರಾವಣದಾಗ ಹೊಸ ಹೆಸರು ಬಂದ ಕೂಡ್ಲೆ ಅಣ್ಣ ಒಂದು ಸಣ್ಣ ಚೀಲ ಬಸ್ಸಿನ್ಯಾಗ ಹಾಕಿ ಕಂಡಕ್ಟರ್ ಕಡೆ ಕಳಸ್ತಿದ್ದ, ಎಷ್ಟ ಸಿಟ್ಟಿದ್ರೂ, ಮಾತು ಬಿಟ್ಟಾಗೂ. ಬೈಗುಳದ ಜೋಡಿ ಅದೂ ಬರ್ತಿತ್ತು. ಆ ವರ್ಷ ಬರಲಿಲ್ಲ. ದುರ್ಗದಬೈಲಿನ್ಯಾಗ ಅರ್ಧ ಕಿಲೋ ಹೆಸರು ತೂಗಿಸಿ ರೊಕ್ಕ ಕೊಡುವಾಗ ಕಣ್ಣಾಗ ನೀರು ಬಂತು. ಜೀವನದಾಗ ಮೊದಲ ಸಲ ಹೆಸರು ಕೊಂಡಿದ್ದೆ.

ಇಲ್ಲೇ ನಾ ನಿನಗ ಹೇಳಬೇಕಾದ ಮಾತು ಐತಿ ನೋಡು ತಂಗಿ, ಸ್ಟಾಫ್ ರೂಮಿನ್ಯಾಗ ಹೇಳಾಕಾಗದ್ದು. ಈಗಿನ ಹುಡುಗ್ರು ಮೊಬೈಲಿನ್ಯಾಗ ನೋಡಿ ಟಾಕ್ಸಿಕ್ ಟಾಕ್ಸಿಕ್ ಅಂತಾವು, ಒಬ್ಬ ಮನಷ್ಯಾಗ ವಿಷ ಅಂತ ಹೆಸರು ಇಡೂದು ನನಗ ಬಾಯಿ ಬರೂದಿಲ್ಲ. ನಾ ಎಷ್ಟೋ ವರ್ಷ ಬಿಡಲಿಲ್ಲ ಯಾಕಂದ್ರ ಅಂವ ಕೆಟ್ಟಾಂವ ಅಂತ ನನಗ ಸಾಬೀತ ಮಾಡಾಕ ಬರಲಿಲ್ಲ. ಪ್ರತಿ ಸಲ ಲೆಕ್ಕಕ್ಕ ಕುಂತ್ರ ಒಂದು ಕಡೆ ಬೈಗುಳ, ಒಂದು ಕಡೆ ಸೈಕಲ್, ತಕ್ಕಡಿ ಸಮ ಆಗ್ತಿತ್ತು. ಬಿಡಬೇಕಂದ್ರ ಅವ್ರು ಕೆಟ್ಟವ್ರು ಅಂತ ತೀರ್ಪು ಆಗಬೇಕು ಅಂತ ಯಾರು ಹೇಳ್ಯಾರ? ಅಂವ ಊರಿಗೆಲ್ಲಾ ಛಲೋ ಇರಬಹುದು, ನನಗ ಛಲೋ ಮಾಡಿದ್ದೂ ಖರೆ ಇರಬಹುದು, ಆದ್ರೂ ಅಂವನ ಜೋಡಿ ಇದ್ರ ನನ್ನ ಮೈ ನಡಗ್ತೈತಿ, ನನ್ನ ಮಗಳಿಗೆ ನಾ ಬೈತೇನಿ, ಯಾರದೋ ಕೂಸಿನ ಅನ್ನದ ಗಂಗಾಳದ ಮುಂದ ನಾ ರಾಕ್ಷಸಿ ಆಗ್ತೇನಿ. ಅಷ್ಟ ಕಾರಣ ಸಾಕಾಗ್ತೈತಿ. ಇದನ್ನ ಒಪ್ಪಿದ ದಿನದಿಂದ ನಾ ಮಂದಿ ಮುಂದ ಅಣ್ಣನ ತಪ್ಪು ಎಣಿಸೂದು ಬಿಟ್ಟೆ, ಮಂದಿ ಕೇಳಿದ್ರ "ನನಗ ಆರಾಮ ಇರಲಿಲ್ರಿ" ಅಂತೇನಿ ಅಷ್ಟ.

ಹಂಗಂತ ಮಾತಿಗೆ ಮಾತು ಬಂದದ್ದಕ್ಕ, ಒಂದು ಹಬ್ಬಕ್ಕ ಕರೀಲಿಲ್ಲಂತ ಸಂಬಂಧ ಕಡೀರಿ ಅಂತ ನಾ ಯಾರಿಗೂ ಹೇಳಾಂಗಿಲ್ಲ. ಹೇಳಿ ನೋಡಿದ್ರ ತಿದ್ದಿಕೊಳ್ಳೋ ಮಂದಿ ಇರ್ತಾರ. ನಾ ಆರು ಸಲ ಹೇಳಿ ನೋಡಿದ್ದೆ. ಮತ್ತ ಕೈ ಎತ್ತೋ ಮನಿ ಇದ್ರ ಅದು ಬ್ಯಾರೆನ ವಿಷಯ, ಅಲ್ಲೆ ನನ್ನಂಗ ಕಟ್ಟಿ ಮ್ಯಾಲೆ ಕುಂತು ಮೂರು ಮಾತು ಹೇಳಾಕ ಹೋಗಬ್ಯಾಡ್ರಿ, ಬಿಟ್ಟು ಹೋಗ್ತಾಳ ಅಂತ ಗೊತ್ತಾದಾಗನ ಅಪಾಯ ಜಾಸ್ತಿ. ಮೊದಲ ನಂಬಿಗಿ ಇರೋ ಒಬ್ಬರಿಗೆ ಹೇಳಿ, ಆಧಾರ್, ಪಾಸ್‌ಬುಕ್ಕು, ಮಕ್ಕಳ ಕಾಗದಪತ್ರ ಬ್ಯಾರೆ ಕಡೆ ಇಟ್ಟು ಆಮ್ಯಾಲೆ ಹೆಜ್ಜಿ ಇಡಬೇಕು. 181 ಹೆಣ್ಣಮಕ್ಕಳ ಸಹಾಯವಾಣಿ, ತುರ್ತಿಗೆ 112, 2005ರ ಕೌಟುಂಬಿಕ ಹಿಂಸೆ ಕಾಯ್ದೆ ಗಂಡನ ಮನಿಗಷ್ಟ ಅಲ್ಲ, ಒಂದ ಮನ್ಯಾಗ ಇರೋ ಅಪ್ಪ ಅಣ್ಣನ ಹೊಡತಕ್ಕೂ ಬರ್ತೈತಿ. ವಕೀಲರ ಸಲಹಾಕ್ಕ 15100. ಮನಸಿನ ಸಂಕಟಕ್ಕ 14416, ಟೆಲಿ ಮಾನಸ್, ಕನ್ನಡದಾಗನ ಮಾತಾಡ್ತಾರ, ರೊಕ್ಕ ಇಲ್ಲ. ನಾ ಧಾರವಾಡಕ್ಕ ಹ್ವಾದಾಗ ಅದು ಇನ್ನ ಇರಲಿಲ್ಲ, 2022ರ ಅಕ್ಟೋಬರಿನ್ಯಾಗ ಸುರುವಾತು.

ಅವ್ವಂದು ಏನಾತು ಅಂತ ಕೇಳ್ತಿ ನೀ, ಗೊತ್ತೈತಿ. ಒಂದು ಕಡೆ ಕಡದ್ರ ಬಾಜೂದೂ ಹರೀತೈತಿ, ಇದರಾಗ ಇದ ದೊಡ್ಡ ನೋವು. ಆರು ತಿಂಗಳ ಅವ್ವನ ದನಿ ಕೇಳಲಿಲ್ಲ. ಆಮ್ಯಾಲೆ ಬಾಜು ಮನಿ ಅಕ್ಕ ಒಬ್ಬಾಕಿ ತನ್ನ ಫೋನ್ ಕೊಡಾಕ ಹತ್ತಿದ್ಲು, ಈಗ ಪ್ರತಿ ಗುರುವಾರ ಸಂಜಿಕ ಅವ್ವ ಅವರ ಮನಿಗೆ ಮಜ್ಜಿಗಿ ಹೆಪ್ಪಿನ ನೆವ ಮಾಡಿ ಹೋಗ್ತಾಳ. ಹ್ವಾದ ವರ್ಷ ಕಣ್ಣಿನ ಆಪರೇಶನ್‌ಗೆ ಬಂದು ನಮ್ಮನ್ಯಾಗ ಹದಿನೈದು ದಿನ ಇದ್ಲು. ಒಂದು ರಾತ್ರಿ, ಕಣ್ಣಿಗೆ ಪಟ್ಟಿ ಇತ್ತು, ಮಲಗ್ಯಾಳ ಅಂತ ತಿಳದಿದ್ದೆ, "ನೀ ಸಣ್ಣಾಕಿ ಇದ್ದಾಗಿನಂಗ ಗೊರಕಿ ಹೊಡಿಯಾಕತ್ತೀಯಲ್ಲ ಯವ್ವಾ" ಅಂದ್ಲು. ಅದರ ಮ್ಯಾಲೆ ಏನೂ ಅನ್ನಲಿಲ್ಲ.

ಆ ಹುಡಗನ ಹತ್ರ ಮರುವಾರನ ಕ್ಷಮಾ ಕೇಳಿದ್ದೆ, ಎಲ್ಲಾ ಹುಡುಗ್ರ ಮುಂದ, ಯಾಕಂದ್ರ ಬೈದದ್ದೂ ಎಲ್ಲಾರ ಮುಂದ. ಅಂವಗ ನಾಚಿಕಿ ಆಗಿ ಓಡಿ ಹ್ವಾದ. ಈಗ ಎಸ್ಸೆಸ್ಸೆಲ್ಸಿ, ಉಣಕಲ್ ಬಸ್ ಸ್ಟಾಪಿನ್ಯಾಗ ಒಮ್ಮೊಮ್ಮೆ ಸಿಗ್ತಾನ, ದೂರಿಂದನ ನಮಸ್ಕಾರ ಅಕ್ಕೋರ ಅಂತಾನ. ಬಿಪಿ ಗುಳಿಗಿ ಇನ್ನೂ ಐತಿ, ಡೋಸ್ ಅರ್ಧಕ್ಕ ಇಳಿಸ್ಯಾರ.

ಈ ವರ್ಷ ಪಂಚಮಿಗೆ ಮಳಿ ಜಿಟಿ ಜಿಟಿ ಹಚ್ಚಿತ್ತು. ನಾಗರಕಟ್ಟಿಗೆ ಮಗಳ ಬಟ್ಲ ಹಿಡದಿದ್ಲು, ಹದಿಮೂರು ಈಗ ಆಕಿಗೆ, ನಾ ಛತ್ರಿ ಹಿಡದಿದ್ದೆ. ದೇವರ ಪಾಲು, ಗುರುವಿನ ಪಾಲು, ಅಜ್ಜನ ಪಾಲು, ಅಜ್ಜಿ ಪಾಲು, ಮಮ್ಮಿ ಪಾಲು, ಪಪ್ಪಾನ ಪಾಲು ಅಂತ ಒಂದ ಸಮ ಎರಕೋತ ಬಂದಾಕಿ ನಿಂತ್ಲು. ಹಿಂದಿನ ಎರಡು ವರ್ಷ ಇಲ್ಲೇ ಮುಗಿಸಿ ಬಂದಿದ್ವಿ. ಎಸಳು ಹಾಲಿನ್ಯಾಗ ಅದ್ದಿ ಹಿಡದು ನನ್ನ ಮಾರಿ ನೋಡಿದ್ಲು.

"ಮಮ್ಮಿ, ಮಾಮಾಂದು ಹಾಕ್ಲೇನು?"

ಹೊಟ್ಟ್ಯಾಗ ಏನರ ಕಲಸ್ತೈತೇನು ಅಂತ ನಾ ಒಂದು ಕ್ಷಣ ಕಾದೆ. ಏನೂ ಆಗಲಿಲ್ಲ.

"ಹಾಕು" ಅಂದೆ. ಆಕಿ ಮಾಮಾನ ಪಾಲು ಅಂತ ಒಂದ ಸಲ ಎರದ್ಲು. ಬಟ್ಲದಾಗ ಇನ್ನೂ ಹಾಲಿತ್ತು, ಹಿಂದ ನಿಂತವ್ರ ಕೂಸಿಗೆ ಅದನ್ನ ಕೊಟ್ಟು, ಉಂಡಿ ಡಬ್ಬಿ ತಗೊಂಡು ಬಾಜು ಮನಿಗೆ ಕೊಡಾಕ ಹ್ವಾದ್ವಿ.